ಸಮುದ್ರದ ದಂಡೆಯಲ್ಲಿ ಹಣ್ಣಾದ ಹುಳುಗಳು

ಸೇಫ್ಟಿಪಿನ್ ಹುಡುಕಲು ಹೋದವಳಿಗೆ ಬೀರುವಿನಲ್ಲಿ, ರವಿಕೆ ಕಣಗಳ ನಡುವೆ, ಆ ಕನ್ನಡಕ ಸಿಕ್ಕಿತು. ಜೇನುಬಣ್ಣದ ಗಾಜು, ಅಗಲವಾದ ಕಪ್ಪು ಕಡ್ಡಿ. ಹಾಕಿಕೊಂಡರೆ ಸಿನಿಮಾದ ಖಳನಾಯಕನ ಸೋದರತ್ತೆಯ ಹಾಗೆ ಕಾಣುತ್ತೇನೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬಿಸಿಲಿಗೆ ಇರಲಿ ಎಂದು ಮೊಮ್ಮಗಳು ಚೈತ್ರ ಚಿಂತಾಮಣಿಯಲ್ಲಿ ಕೊಡಿಸಿದ್ದು. ಅದನ್ನು ಹಾಕಿಕೊಂಡು ನಾನು ಒಂದು ಸಮುದ್ರ, ಒಂದು ಹಾಳೂರು ಮತ್ತು ನನ್ನ ಸೊಸೆ, ಈ ಮೂರನ್ನು ನೋಡಿದೆ. ಮೂರೂ ತಪ್ಪು ತಪ್ಪಾಗಿಯೇ ಕಂಡವು. ಪಿನ್ನು ಮರೆತು ಮಂಚದ ಮೇಲೆ ಕೂತುಬಿಟ್ಟೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಚೆಗಷ್ಟೇ ಕಲಿತಿದ್ದೇನೆ, ಅದೂ ತೋರುಬೆರಳೊಂದರಲ್ಲೇ. ನಾನು ನಿಧಾನವಾಗಿ ಒತ್ತುತ್ತೇನೆ, ನೀವೂ ನಿಧಾನವಾಗಿ ಓದಿ.

ಮೊದಲು ನಮ್ಮ ಮನೆಯ ವಿಷಯ. ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ಹುಳು ಸಾಕುವ ಮನೆ. ಈ ಕಡೆ ಬರೀ ಹುಳು ಎಂದರೆ ರೇಷ್ಮೆಹುಳು. ಮಿಕ್ಕ ಹುಳಗಳು ಬೇಕಾದರೆ ತಮ್ಮ ತಮ್ಮ ಹೆಸರು ಹೇಳಿಕೊಂಡು ಬರಲಿ. ಈ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನೆ ಮಲಗುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದಮೇಲೆ ಒಂದು ವಾರ ಹಗಲೂ ರಾತ್ರಿ ತಿಂದು, ಆಮೇಲೆ ಮೈ ಹಳದಿಗೆ ತಿರುಗಿ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುತ್ತು ಸುತ್ತಾಗಿ ಹೆಣೆದ ತಟ್ಟಿಗೆ, ಬಿಡಬೇಕು. ಎಲ್ಲ ಕಷ್ಟ ಇರುವುದು ಈ ಹಣ್ಣು ಗುರುತಿಸುವುದರಲ್ಲೇ. ತಡವಾದರೆ ಹುಳು ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಕಾಯಿಯನ್ನೇ ಹಾಕಿದರೆ ಹಸಿದು ಚಂದ್ರಿಕೆಯೆಲ್ಲ ಅಲೆದು ಕೆಳಗೆ ಬೀಳುತ್ತದೆ. ಕಟ್ಟಿದರೂ ಹಪ್ಪಳದಂಥ ಗೂಡು. ಇಪ್ಪತ್ತೈದು ದಿನದ ಚಾಕರಿ ಒಂದು ಸಂಜೆಯಲ್ಲಿ ಮಣ್ಣು.

ನನಗೆ ಇದನ್ನು ಕಲಿಸಿದವಳು ನಮ್ಮಮ್ಮ. ತೌರುಮನೆ ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿ. ಏಳು ವರ್ಷದವಳಿದ್ದಾಗ ಹುಳುವನ್ನು ಎರಡು ಬೆರಳಲ್ಲಿ ಎತ್ತಿ ದೀಪದ ಮುಂದೆ ಹಿಡಿಸಿ, "ಒಳಗಡೆ ದೀಪ ಕಾಣ್ತದಾ ನೋಡೇ. ಕಂಡ್ರೆ ಹಣ್ಣು. ಕಾಣ್ದಿದ್ರೆ ಕಾಯಿ. ಇಷ್ಟೇ ಶಾಸ್ತ್ರ," ಅಂದಿದ್ದಳು. ಅದೇ ವರ್ಷ ಜಾತ್ರೆಯಿಂದ ತಂದ ಪೌಡರನ್ನು ಮುಖ, ಕುತ್ತಿಗೆ, ಮೊಣಕೈವರೆಗೆ ಬಳಿದುಕೊಂಡು ಹುಳುಮನೆಯೊಳಗೆ ಹೋಗಿ ಬೆನ್ನಿಗೆ ಪೊರಕೆ ಏಟು ತಿಂದದ್ದೂ ಉಂಟು. ಹುಳುವಿಗೆ ವಾಸನೆ ಆಗದು. ಅವತ್ತಿನಿಂದ ನಾನು ಪೌಡರು ಹಾಕಿಲ್ಲ. ನನ್ನ ಮದುವೆ ಫೋಟೋದಲ್ಲಿ ನೋಡಿ, ಮಣ್ಣುಗೋಡೆ ಯಾವುದು ನಾನು ಯಾವುದು ತಿಳಿಯುವುದಿಲ್ಲ.

ಈಗ ಸೊಸೆ ರತ್ನ. ಚೈತ್ರನ ತಾಯಿ. ಗೌರಿಬಿದನೂರು ಕಡೆಯ ತೊಂಡೇಬಾವಿಯವಳು. ಅವಳ ತೌರಿನಲ್ಲಿ ಹುಳು ಸಾಕಿದವರಿಲ್ಲ. ಬಂದು ಇಪ್ಪತ್ತೆಂಟು ವರ್ಷವಾಯಿತು. ಸೊಪ್ಪು ಕತ್ತರಿಸಿದ್ದಾಳೆ, ಹಾಸಿಗೆ ಕಸ ತೆಗೆದಿದ್ದಾಳೆ, ಸುಣ್ಣ ಚೆಲ್ಲಿದ್ದಾಳೆ. ಹಣ್ಣು ನೋಡಿ ಹೇಳುವುದನ್ನು ಮಾತ್ರ ನಾನು ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ. "ತೊಂಡೇಬಾವಿಯವರ್ಗೆ ಹಣ್ಣೇನು ಕಾಯೇನು," ಎಂದು ತಮಾಷೆ ಮಾಡುತ್ತಿದ್ದೆ. ತಮಾಷೆಗೂ ವಯಸ್ಸಾಗುತ್ತದೆ ಎಂದು ನನಗೆ ತಿಳಿಯಲಿಲ್ಲ. ಮಗ ಮಂಜು ಹಿಪ್ಪುನೇರಳೆ ತೋಟದ ಮನುಷ್ಯ. ಹುಳುಮನೆಯ ಹೊಸಲು ದಾಟುವುದಿಲ್ಲ, ಅತ್ತೆ ಸೊಸೆಯ ನಡುವೆ ಬರುವುದೂ ಇಲ್ಲ. ಬುದ್ಧಿವಂತ.

ಚೈತ್ರ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಭೂಮಿಯೊಳಗಿನ ಕಲ್ಲು ನೀರಿನ ಪಾಠ ಹೇಳುತ್ತಾಳೆ. ಮೆಕ್ಸಿಕೋ ದೇಶದಲ್ಲಿ ತುಲುಮ್ ಎಂಬ ಸಮುದ್ರದ ಊರಂತೆ, ಅಲ್ಲಿ ನೆಲದಡಿಯ ಗವಿಗಳ ನೀರಿನ ಬಗ್ಗೆ ಹತ್ತು ದಿನದ ತರಬೇತಿಯಂತೆ. "ಅಜ್ಜಿ, ನೀನು ಸಮುದ್ರನೇ ನೋಡಿಲ್ಲ. ಬಾ ಹೋಗಣ. ಹಳೇ ಮಾಯಾ ಜನರ ಕೋಟೆನೂ ಐತೆ," ಎಂದಳು. ನೇಪಾಳ ಯಾತ್ರೆಗೆಂದು ಮಾಡಿಸಿದ್ದ ಪಾಸ್‌ಪೋರ್ಟು ಹೊಸದಾಗಿಯೇ ಕೂತಿತ್ತು. ನಾನು ಒಂದು ಷರತ್ತು ಹಾಕಿದೆ: ನಾನಿಲ್ಲದಾಗ ಮನೆಯಲ್ಲಿ ಹುಳು ಬೇಡ. ಎಲ್ಲರೂ ತಲೆಯಾಡಿಸಿದರು. ಹೊರಡುವುದಕ್ಕೆ ಎರಡು ವಾರ ಇದೆ ಅನ್ನುವಾಗ ರತ್ನ ಮರಿ ಹುಳುಗಳನ್ನು ಮನೆಗೆ ತಂದೇಬಿಟ್ಟಳು.

"ಏನೇ ಇದು?" ಅಂದೆ.

"ಸೊಪ್ಪು ಬಲಿತೋಗ್ತದೆ ಅತ್ತೆ. ಕಾಯಕ್ಕಾಗಲ್ಲ."

"ಹಣ್ಣಾಗೋ ಹೊತ್ಗೆ ನಾನ್ ಇರಲ್ವಲ್ಲೇ!"

"ನಾನ್ ಇರ್ತೀನಲ್ಲ," ಎಂದಳು, ಸೊಪ್ಪಿನ ಕಡೆಯೇ ನೋಡುತ್ತ.

ಇಪ್ಪತ್ತೆಂಟು ವರ್ಷದಲ್ಲಿ ಅವಳು ಒಬ್ಬಳೇ ಎತ್ತಬೇಕಾದ ಮೊದಲ ಬೆಳೆ ಅದು. ಅದು ಕೆಟ್ಟರೆ ನಾನಂತೂ ಏನೂ ಅನ್ನುವುದಿಲ್ಲ ಎಂದು ನಿರ್ಧರಿಸಿದೆ. ಏನೂ ಅನ್ನದೆ ಇರುವುದನ್ನು ವರ್ಷಗಟ್ಟಲೆ ಮಾಡುವ ಶಕ್ತಿ ನನಗಿದೆ ಎಂದು ಅವಳಿಗೂ ಗೊತ್ತಿತ್ತು.

ಹೀಗಾಗಿ ವಿಮಾನ ಹತ್ತಿದ್ದು ನನ್ನ ಮೈ ಮಾತ್ರ. ಯಾವುದೋ ನಿಲ್ದಾಣದ ಅಂಗಡಿಯಲ್ಲಿ ನಗುಮುಖದ ಹುಡುಗಿಯೊಬ್ಬಳು ನನ್ನ ಮಣಿಕಟ್ಟಿಗೆ ಸೆಂಟು ಹೊಡೆದಳು. ನಾನು ಓಡಿಹೋಗಿ ಮೂರು ಸಲ ಸೋಪು ಹಚ್ಚಿ ತೊಳೆದೆ. "ಅಜ್ಜಿ, ಹುಳು ಸಾವ್ರಾರು ಮೈಲಿ ದೂರ ಅವೆ," ಎಂದಳು ಚೈತ್ರ. ಇರಲಿ, ಅಭ್ಯಾಸ ತಪ್ಪಬಾರದು.

ತುಲುಮ್ ಚೆನ್ನಾಗಿದೆಯೇ ಎಂದು ಕೇಳುತ್ತೀರಿ. ಚೆನ್ನಾಗಿಯೇ ಇದ್ದಿರಬೇಕು. ಬಿಸಿಲು ನಮ್ಮ ಏಪ್ರಿಲ್ಲಿನದು, ಬೆವರು ಮಾತ್ರ ಪರದೇಶದ್ದು, ನಿಲ್ಲುವುದೇ ಇಲ್ಲ. ಪರಂಗಿ, ಸೀಬೆ, ಮೆಣಸಿನಕಾಯಿ, ಹುರುಳಿಯ ಅಣ್ಣತಮ್ಮಂದಿರಂಥ ಕಪ್ಪು ಕಾಳು, ಬಿಸಿ ಜೋಳದ ರೊಟ್ಟಿ. ಊಟಕ್ಕೆ ತೊಂದರೆಯಿಲ್ಲ. ಚೈತ್ರ ತೋರಿಸಿದ ನೆಲಬಾವಿಯೊಂದನ್ನೂ ನೋಡಿದೆ. ಭೂಮಿ ಬಾಯಿ ತೆರೆದ ಹಾಗೆ ಒಂದು ತೂತು, ಅದರೊಳಗೆ ಗಾಜಿನಂಥ ನೀರು, ನೀರಿನಲ್ಲಿ ಜನ ಈಜುತ್ತಿದ್ದರು. ನಮ್ಮಲ್ಲಿ ಸಾವಿರದಿನ್ನೂರು ಅಡಿ ಕೊರೆದು ಬರೀ ಧೂಳು ಬಂದದ್ದನ್ನು ನೆನೆದು, "ಒಂದ್ ಪೈಪ್ ಹಾಕಿದ್ರೆ ನಮ್ಮ ತೋಟಕ್ಕೆ ಬರ್ತದೇನೇ?" ಎಂದು ಕೇಳಿದೆ. ಚೈತ್ರ ತನ್ನ ಜೊತೆಯವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವರೆಲ್ಲ ನಕ್ಕರು. ನಾನು ನಿಜವಾಗಿಯೇ ಕೇಳಿದ್ದೆ.

ಸಮುದ್ರದ ಮುಂದೆ ನನಗೆ ಹೆದರಿಕೆಯಾಯಿತು. ನೀರಿಗಲ್ಲ, ಸದ್ದಿಗೆ. ಹುಳುಮನೆಯ ಪಕ್ಕದ ಕೋಣೆಯಲ್ಲಿ ಮಲಗಿ ಬೆಳೆದವಳು ನಾನು. ಹುಳು ಸೊಪ್ಪು ತಿನ್ನುವ ಚರಚರ ಇರುವ ತನಕ ನಿದ್ದೆ, ಅದು ನಿಂತ ತಕ್ಷಣ ಎಚ್ಚರ. ನಿಂತರೆ ಜ್ವರ ಬಂತು ಎಂದು ಲೆಕ್ಕ. ಈ ಸಮುದ್ರ ಚರಚರ ಅಂತಲೇ ಇತ್ತು. ಎರಡು ದಿನ ಕಾದೆ, ನಿಲ್ಲಲಿಲ್ಲ. ಇದಕ್ಕೆ ಜ್ವರವೇ ಬರುವುದಿಲ್ಲವೇ? ದಡದ ತುಂಬ ಕಂದು ಬಣ್ಣದ ಕಡಲಪಾಚಿ ರಾಶಿ ಬಿದ್ದು, ಹಾಸಿಗೆ ಕಸ ತೆಗೆಯದ ಹುಳುಮನೆಯ ವಾಸನೆ ಬೇರೆ. ಚೈತ್ರ ಮೂಗು ಮುಚ್ಚಿಕೊಂಡಳು. ನನಗೆ ಆ ಊರಿನಲ್ಲಿ ಮನೆಯ ಹಾಗೆ ಅನಿಸಿದ್ದು ಅದೊಂದೇ ಜಾಗ.

ದಿನಾ ಬೆಳಿಗ್ಗೆ ಏಳೂವರೆಗೆ ವಿಡಿಯೋ ಕಾಲ್. ನಮ್ಮೂರಿನಲ್ಲಿ ಆಗ ಸಂಜೆ ಆರು. ರತ್ನ ಫೋನನ್ನು ಹುಳು ಸಾಕುವ ಬಿದಿರು ತಟ್ಟೆಗಳ ಮೇಲೆ ಆಡಿಸುತ್ತಿದ್ದಳು. ನಾನು "ಅಲ್ಲಿ ಸೊಪ್ಪು ಕಮ್ಮಿ," "ಇಲ್ಲಿ ಒತ್ತು," "ಆ ಕಿಟಕಿ ಯಾರೇ ತೆಗ್ದಿದ್ದು?" ಎನ್ನುತ್ತಿದ್ದೆ. ಅವಳು "ಆಯ್ತು ಅತ್ತೆ" ಎನ್ನುತ್ತಿದ್ದಳು. ಐದು ದಿನ ಕೋಣೆಯೊಳಗೆ ಕೂತು ಮಾತಾಡಿದವಳು ಆರನೇ ಬೆಳಿಗ್ಗೆ ಹೋಟೆಲಿನ ಹೊರಗಿನ ತೆಂಗಿನ ಕೆಳಗೆ ಕೂತು ಫೋನ್ ನೋಡಿದೆ. ತಟ್ಟೆ ತಟ್ಟೆಗೂ ಹುಳುಗಳೆಲ್ಲ ಜೇನಿನ ಹಾಗೆ ಹೊಳೆಯುತ್ತಿದ್ದವು.

"ಏ ರತ್ನಾ! ಹಣ್ಣಾಗಿಬಿಟ್ಟವಲ್ಲೇ! ಇನ್ನಾ ಸೊಪ್ಪು ಹಾಕ್ತಿದೀಯಾ?"

"ಇಲ್ಲ ಅತ್ತೆ, ಇನ್ನಾ ಒಂದ್ ದಿನ ಐತೆ..."

ಸಿಟ್ಟು ಬಂದರೆ ನನಗೆ ತೆಲುಗು ಬರುತ್ತದೆ. "ಕಳ್ಳು ಉನ್ನಾಯಾ ಲೇವಾ ನೀಕು? ಕಣ್ಣು ಐತಾ ನಿಂಗೆ? ಇಷ್ಟು ದೂರದಿಂದ ನಂಗೆ ಕಾಣ್ತಿದೆ, ಪಕ್ಕದಲ್ ನಿಂತಿರೋ ನಿಂಗ್ ಕಾಣಲ್ವಾ? ಈಗಿಂದೀಗ್ಲೇ ಚಂದ್ರಿಕೆಗೆ ಹಾಕು. ಎಲ್ಲಾನೂ!"

ಅವಳು ಒಂದು ತಟ್ಟೆಯ ಮೇಲೆ ಬಗ್ಗಿ ನೋಡಿದಳು. ಆಮೇಲೆ, "ಆಯ್ತು ಅತ್ತೆ," ಎಂದು ಫೋನ್ ಇಟ್ಟಳು.

ಅವತ್ತು ಚೈತ್ರನಿಗೆ ರಜೆ. ಮಾಯಾ ಜನರ ಕೋಟೆಗೆ ಹೋದೆವು. ಸಮುದ್ರದ ಮೇಲಿನ ಬಂಡೆಯ ಅಂಚಿನಲ್ಲಿ ಬೂದು ಕಲ್ಲಿನ ಕಟ್ಟಡಗಳು, ಮೂರು ಕಡೆ ದಪ್ಪ ಗೋಡೆ. ನಮ್ಮ ಅಂಬಾಜಿದುರ್ಗದ ಗೋಡೆಯನ್ನು ಯಾರೋ ಎತ್ತಿಕೊಂಡು ಬಂದು ನೀರಿನ ಪಕ್ಕ ಇಟ್ಟ ಹಾಗಿತ್ತು. ಕಲ್ಲು ಕಲ್ಲಿನ ಮೇಲೂ ಉಡದಂಥ ದೊಡ್ಡ ಪ್ರಾಣಿಗಳು ಬಿಸಿಲು ಕಾಯುತ್ತಿದ್ದವು, ಪಿಂಚಣಿ ಬಂದವರ ಹಾಗೆ. ಒಂದು ಗುಡಿಯ ಬಾಗಿಲ ಮೇಲೆ ತಲೆ ಕೆಳಗು ಕಾಲು ಮೇಲಾದ ದೇವರು. ಆಕಾಶದಿಂದ ಇಳಿದು ಬರುತ್ತಿರುವುದಂತೆ. ಜೇನುನೊಣದ ದೇವರೆಂದೂ ಕೆಲವರು ಹೇಳುತ್ತಾರಂತೆ. ಇಲ್ಲೂ ಹುಳ ನಂಬಿ ಬದುಕಿದ ಜನ ಇದ್ದರಲ್ಲ ಎಂದು ನನಗೆ ಸ್ವಲ್ಪ ಧೈರ್ಯ ಬಂತು. ಕೈ ಮುಗಿದೆ. ದೇವರ ಮುಖ ಸರಿಯಾಗಿ ಕಾಣಲಿ ಎಂದು ಕನ್ನಡಕ ತೆಗೆದೆ.

ತೆಗೆದವಳು ಹಾಗೇ ಸಮುದ್ರದ ಕಡೆ ತಿರುಗಿದೆ. ನೀರು ನೀಲಿಯಾಗಿತ್ತು! ನವಿಲಿನ ಕತ್ತಿನ ನೀಲಿ. ಐದು ದಿನದಿಂದ ನಾನು ನೋಡಿದ್ದು ಚಹಾ ಸೋಸಿದ ಬಣ್ಣದ ನೀರು. ಚೈತ್ರ "ಎಂಥಾ ನೀಲಿ ಅಜ್ಜಿ!" ಎಂದಾಗಲೆಲ್ಲ, ಓದಿದ ಹುಡುಗಿಯರು ಹಾಗೆಯೇ ಮಾತಾಡುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ಹಾಕಿದೆ, ಚಹಾ. ತೆಗೆದೆ, ನೀಲಿ. ಹಾಕಿದೆ. ನನ್ನ ಬಿಳಿ ಸೆರಗು ಅರಿಶಿನ ಅದ್ದಿದ ಹಾಗೆ ಹಣ್ಣಾಯಿತು. ಎದುರಿಗೆ ಕೂತಿದ್ದ ಉಡ ಹಣ್ಣಾಯಿತು. ಫೋಟೋ ತೆಗೆಯುತ್ತಿದ್ದ ಬಿಳಿ ತೊಗಲಿನ ಗಂಡ ಹೆಂಡತಿ ಇಬ್ಬರೂ ಚಂದ್ರಿಕೆಗೆ ಬಿಡುವಷ್ಟು ಹಣ್ಣಾದರು.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ನಾನೇ ಎಷ್ಟು ಜನರಿಗೆ ಬುದ್ಧಿ ಹೇಳಿದ್ದೇನೆ. ಬೆಳಿಗ್ಗೆ ಫೋನ್ ನೋಡಿದ್ದೂ ಇದೇ ಕನ್ನಡಕದಲ್ಲಿ.

"ಚೈತ್ರಾ, ಫೋನ್ ಮಾಡೇ! ಕಾಯಿ ಹುಳ ಹಾಕ್ಸಿಬಿಟ್ನಲ್ಲೇ! ಅಷ್ಟೂ ಹೋಯ್ತು!"

ಅವಳು ಮಾಡಿದಳು. ಗಂಟೆ ಬಾರಿಸುತ್ತಲೇ ಇತ್ತು, ರತ್ನ ಎತ್ತಲಿಲ್ಲ. ಕೈಗೆ ಔಷಧಿ ನೀರು ಹಾಕಿಕೊಂಡು ಹುಳುಮನೆಗೆ ಹೋದ ಮೇಲೆ, ಸಂಜೆ ಆರರ ಕಾಲ್ ಒಂದು ಬಿಟ್ಟು, ಫೋನ್ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದವಳು ನಾನೇ. ಮಂಜು ಎತ್ತಿ, "ಒಳಗಡೆ ಅವಳೆ, ನಾನ್ ಹೆಂಗೋಗ್ಲಿ?" ಎಂದು ಇಟ್ಟುಬಿಟ್ಟ. ಆ ಅಪ್ಪಣೆಯೂ ನನ್ನದೇ. ಆಮೇಲೆ ಸಿಗ್ನಲ್ಲೇ ಹೋಯಿತು. ನಾನು ಕೋಟೆಯ ಗೋಡೆಯ ನೆರಳಿನಲ್ಲಿ ಕೂತು ಅಳುವುದಕ್ಕೆ ಶುರುಮಾಡಿದೆ. ಹುಳುಗಳಿಗಾಗಿ ಅಳುತ್ತಿದ್ದೇನೆ ಎಂದುಕೊಂಡಿದ್ದೆ. ಆದರೆ ಕಣ್ಣ ಮುಂದೆ ಬಂದದ್ದು ಬೇರೆ. ಖಾಲಿ ಚಂದ್ರಿಕೆಯ ಮುಂದೆ ರತ್ನ ನಿಂತಿದ್ದಾಳೆ, ಊರವರು ಬಂದು, "ಅತ್ತೆ ಇಲ್ದಿದ್ರೆ ಇಷ್ಟೇ ಬಿಡು," ಎನ್ನುತ್ತಿದ್ದಾರೆ. ಅವಳು ಇನ್ನು ಯಾವತ್ತೂ ಒಂದು ಬೆಳೆಯನ್ನು ತನ್ನದು ಎನ್ನುವುದಿಲ್ಲ. ಮಾಡಿದವಳು ನಾನು, ಮಾತು ಕೇಳುವವಳು ಅವಳು.

ಚೈತ್ರ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಉಗುರು ಕಚ್ಚಿದಳು. "ಅಜ್ಜಿ, ಒಂದ್ ಮಾತ್ ಹೇಳ್ತೀನಿ, ಬೈಬೇಡ."

"ಹೇಳು. ಬೈಯಕ್ಕೆ ನಂಗೀಗ ಮುಖ ಎಲ್ಲೈತೆ?"

"ಹುಳ ತರ್ಬೇಕು ಅಂತ ಅಮ್ಮ ಮೊದ್ಲೇ ನಿಶ್ಚಯ ಮಾಡಿದ್ಲು. ಒಂದೇ ಒಂದ್ ಬೆಳೆ ನಾನೇ ಎತ್ತಿ ನೋಡ್ಬೇಕು ಕಣೇ, ಅಜ್ಜೀನ ಎಲ್ಲಾದ್ರೂ ಕರ್ಕೊಂಡೋಗು ಅಂದ್ಲು."

"ಅದಕ್ಕೆ ಇಷ್ಟ್ ದೂರವಾ?"

"ವಿದುರಾಶ್ವತ್ಥಕ್ಕೆ ಕರ್ಕೊಂಡೋಗಿದ್ರೆ ನೀನು ಮಧ್ಯಾಹ್ನದ ಬಸ್ಸಿಗೇ ವಾಪಸ್ ಬರ್ತಿದ್ದೆ."

ಅದು ನಿಜ. ನನ್ನನ್ನು ತಡೆಯಲು ಒಂದು ಸಮುದ್ರ ಬೇಕಾಗಿತ್ತು. ಅದೂ ಸಾಕಾಗಲಿಲ್ಲ, ಫೋನಿನೊಳಗಿಂದ ಕೈ ಚಾಚಿಬಿಟ್ಟೆ. ಆ ತಲೆಕೆಳಗಾದ ದೇವರನ್ನು ನೋಡಿದೆ. ಅವನೂ ಯಾರದೋ ಮನೆಗೆ ಕರೆಯದೆ ಇಳಿಯುತ್ತಿರುವ ಹಾಗೆ ಕಂಡ.

ಹೋಟೆಲಿಗೆ ಬಂದ ಕೂಡಲೇ ಸಿಗ್ನಲ್ ಸಿಕ್ಕಿತು. ರತ್ನ ಎತ್ತಿದಳು. ನಾನು ಉಸಿರು ಬಿಡದೆ, "ರತ್ನಾ, ಕನ್ನಡಕ ಕಣೇ, ನನ್ ಕನ್ನಡಕ ಹಳ್ದಿ. ಹಣ್ಣಾಗಿರ್ಲಿಲ್ಲ. ತಪ್ಪು ನಂದೇ. ಹಾಕಿದ್ರೆ ಆರಿಸಿ ಮತ್ತೆ ತಟ್ಟೆಗೆ ಬಿಡು, ಸೊಪ್ಪು ಹಾಕು, ಒಂದಷ್ಟಾದ್ರೂ ಉಳ್ಕೋತವೆ," ಎಂದೆ.

ಆ ಕಡೆ ಅವಳು ಸೊಪ್ಪಿನ ಬುಟ್ಟಿ ಕೆಳಗಿಟ್ಟ ಸದ್ದು.

"ಹಾಕಿದ್ಯೇನೇ?"

"ಇಲ್ಲ ಅತ್ತೆ."

"ಒಂದೂ ಹಾಕ್ಲಿಲ್ವಾ?"

"ಒಂದೊಂದ್ ತಟ್ಟೆಯಿಂದ ಒಂದೊಂದು ಎತ್ತಿ ಬಲ್ಬಿಗೆ ಹಿಡ್ದು ನೋಡ್ದೆ. ಒಳಗಡೆ ಬೆಳಕು ಕಾಣ್ಲಿಲ್ಲ. ಸೊಪ್ಪು ಹಾಕಿ ಬಂದೆ."

ನನ್ನ ಎದೆಯ ಮೇಲಿಂದ ಬೀಸುವ ಕಲ್ಲು ಇಳಿದ ಹಾಗಾಯಿತು. ಅದು ಇಳಿದ ಜಾಗದಲ್ಲಿ ತಕ್ಷಣ ಇನ್ನೊಂದು ಬಂದು ಕೂತಿತು. "ಮತ್ತೆ ಆಯ್ತು ಅತ್ತೆ ಅಂದ್ಯಲ್ಲೇ?"

"ಆಯ್ತು ಅಂದೆ. ಹಾಕ್ತೀನಿ ಅನ್ಲಿಲ್ವಲ್ಲ," ಎಂದಳು ತೊಂಡೇಬಾವಿಯವಳು.

ಮಿಕ್ಕ ದಿನಗಳನ್ನು ನಾನು ಕಳೆದದ್ದು ಹೀಗೆ: ನೀಲಿ ಸಮುದ್ರದ ಮುಂದೆ ಕೂತು, ಇಪ್ಪತ್ತೆಂಟು ವರ್ಷದ "ಆಯ್ತು ಅತ್ತೆ"ಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತ. ಆ ವರ್ಷ ತೆಂಕಣ ಕಿಟಕಿ ಮುಚ್ಚು ಅಂದಿದ್ದೆ, ಮುಚ್ಚಿದ್ದಳೇ? ಸುಣ್ಣ ಎರಡು ಸಲ ಚೆಲ್ಲು ಅಂದಿದ್ದೆ. ಸಾರಿಗೆ ಹುಣಸೆಹಣ್ಣು ಕಮ್ಮಿ ಮಾಡು ಅಂದಿದ್ದೆ. ಆ ಬೆಳೆಗಳೆಲ್ಲ ಚೆನ್ನಾಗಿಯೇ ಬಂದಿದ್ದವು. ನನ್ನ ಮಾತಿನಿಂದ ಬಂದವು ಎಷ್ಟು, ನನ್ನ ಮಾತು ಕೇಳದೆ ಇದ್ದದ್ದರಿಂದ ಬಂದವು ಎಷ್ಟು? ಈ ಲೆಕ್ಕ ಬಿಡಿಸಲು ಚೈತ್ರನಿಂದಲೂ ಆಗಲಿಲ್ಲ.

ಮಾರನೆಯ ದಿನ ಹುಳು ಹಣ್ಣಾಗುತ್ತವೆಂದು ನನಗೆ ಗೊತ್ತಿತ್ತು. ರತ್ನ ಕೇಳುತ್ತಾಳೆಂದು ಫೋನನ್ನು ಮಡಿಲಲ್ಲಿಟ್ಟು ಕಾದೆ. ಕನ್ನಡಕ ತೆಗೆದೇ ಕೂತಿದ್ದೆ, ಕಣ್ಣಿನಲ್ಲಿ ನೀರು ಸುರಿದರೂ. ಏಳೂವರೆಯಾಯಿತು, ಒಂಬತ್ತಾಯಿತು. ಅವಳು ಕೇಳಲಿಲ್ಲ. ಅದರ ಮಾರನೆಯ ದಿನವೂ ಕೇಳಲಿಲ್ಲ. ನಾನಾಗಿಯೇ ಮಾಡಬಹುದಿತ್ತು. ಚೈತ್ರ, "ಮಾಡ್ಕೊಡ್ಲಾ ಅಜ್ಜಿ?" ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಬೇಡ ಎಂದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಆ ಎರಡು ಬೇಡ.

ಊರಿಗೆ ಹೊರಡುವ ದಿನ ಬೆಳಿಗ್ಗೆ ಫೋನಿಗೆ ಒಂದು ಫೋಟೋ ಬಂತು. ಮಾತಿಲ್ಲ, ಬರೀ ಫೋಟೋ. ಜಗುಲಿಯ ಗೋಡೆಗೆ ಒರಗಿಸಿದ ಚಂದ್ರಿಕೆಗಳ ಸಾಲು. ಸುತ್ತು ಸುತ್ತಿನಲ್ಲೂ ಗೂಡು, ಶೇಂಗಾ ಒಣಹಾಕಿದ ಹಾಗೆ ಭರ್ತಿ, ಗಟ್ಟಿ ಗೂಡು. ನೋಡಿದರೆ ತಿಳಿಯುತ್ತದೆ.

ನಾನು ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ, ಚಂದ್ರಿಕೆ ಚಂದ್ರಿಕೆಯನ್ನೂ ಹುಡುಕಿದೆ. ಕಲೆ ಇಲ್ಲ, ಕರಗಿದ ಹುಳು ಇಲ್ಲ. ವಿಮಾನಕ್ಕೆ ಹೊತ್ತಾಯಿತೆಂದು ಚೈತ್ರ ಕೂಗುತ್ತಿದ್ದಳು. ಕೊನೆಗೆ ಎಡಗಡೆಯ ಕೊನೇ ಚಂದ್ರಿಕೆಯ ಕೆಳಮೂಲೆಯಲ್ಲಿ ಕಂಡಿತು. ಅಲ್ಲಿ ಹುಳು ಒತ್ತಾಗಿ ಬಿಟ್ಟಿದ್ದಳು, ಎರಡೆರಡು ಸೇರಿ, ನೂಲು ಬಿಚ್ಚಲಾಗದ ಹಾಗೆ, ಒಂದೇ ಗೂಡು ಕಟ್ಟಿಬಿಟ್ಟಿದ್ದವು. ಹುಡುಕಿದ್ದು ಸಿಕ್ಕಿತೆಂದು ಸಂತೋಷವಾಯಿತು. ಫೋನ್ ಮಾಡಿದರೆ ಬೇರೆ ಏನಾದರೂ ಅಂದುಬಿಡುತ್ತೇನೆಂದು, ಚೈತ್ರನಿಂದ ಅಕ್ಷರ ಎಲ್ಲೆಲ್ಲಿದೆ ಎಂದು ಕೇಳಿ ಕೇಳಿ, ತೋರುಬೆರಳಲ್ಲಿ ಒತ್ತಿದೆ. ಫೋನಿನಲ್ಲಿ ನಾನು ಬರೆದ ಮೊದಲನೇ ಮಾತು ಅದು.

"ಎಡಗಡೆ ಕೊನೇದು. ಮೂಲೇಲಿ ಒತ್ತಾಗಿದೆ."

ಅವಳ ಉತ್ತರ ನಾನು ಕನ್ನಡಕ ಹುಡುಕುವಷ್ಟರಲ್ಲಿ ಬಂತು.

"ಗೊತ್ತು ಅತ್ತೆ. ಅದನ್ನ ನಿಮಗೇ ಅಂತ ಬಿಟ್ಟಿದ್ದೆ."